ಮುಂದಕ್ಕೋ, ರದ್ದೋ

ಮೆಟ್ಟಿಲುಗಳು ಒಂದೊಂದಾಗಿ ಮೇಲಕ್ಕೆ ಸುತ್ತಿಕೊಳ್ಳುತ್ತಿವೆ, ಮೊದಲು ಕೆಳಗಿನದು, ಅದರ ಹಿಂದೆ ಅದರ ಮೇಲಿನದು, ಆಮೇಲೆ ಕಂಬ, ಕಂಬದ ತುದಿಯ ಹೂಕುಂಡ, ಪರದೆಯ ಮೇಲಿನ ಅಷ್ಟು ದೊಡ್ಡ ಅರಮನೆ ಚಾಪೆಯ ಹಾಗೆ ಒಂದು ಕೋಲಿಗೆ ಸುತ್ತಿಕೊಂಡು ಮೂಲೆಗೆ ಒರಗಿತು, ಹಿಂದೆ ಉಳಿದದ್ದು ಸುಣ್ಣದ ಗೋಡೆ ಮತ್ತು ಒಂದು ಸ್ವಿಚ್ಚು – ಅಜ್ಜಿಯ ಕಥೆಯಲ್ಲಿ ಅರಮನೆ ಮಾಯವಾಗುವಾಗ ಗುಡುಗಾದರೂ ಗುಡುಗುತ್ತಿತ್ತು, ಇಲ್ಲಿ ಫೋಟೋಗ್ರಾಫರು ಕೈಯ ಧೂಳು ಕೊಡವಿ ಸೀನಿದರು ಅಷ್ಟೆ. ಓದಿದ್ಯೇನಮ್ಮಾ, ಎಂದರು ಮೇಜಿನ ಆಚೆ ಕುಳಿತ ಅವರ ಹೆಂಡತಿ. ಓದಿದೆ ಮೇಡಂ. ಓದಿದ್ದಾಳೆ, ಮೂರು ಸಲ ಓದಿದ್ದಾಳೆ, ಮದುವೆ ಫೋಟೋ ಬುಕ್ಕಿಂಗಿನ ಮಾಸಿದ ಜೆರಾಕ್ಸ್ ಹಾಳೆ, ಅದರಲ್ಲಿ ಎರಡು ಚೌಕ, ಮೊದಲನೆಯದರ ಮುಂದೆ ದಿನಾಂಕ ಬದಲಾವಣೆ, ವರ್ಷದೊಳಗೆ ಒಂದು ಸಲ ಮಾತ್ರ, ಅಡ್ವಾನ್ಸ್ ಹಾಗೇ ಉಳಿಯುತ್ತದೆ, ಹೊಸ ದಿನಾಂಕ ಕಡ್ಡಾಯವಾಗಿ ಬರೆಯಬೇಕು, ಎರಡನೆಯದರ ಮುಂದೆ ರದ್ದು, ಅರವತ್ತು ದಿನ ಮುಂಚೆ ತಿಳಿಸಿದರೆ ಅರ್ಧ ವಾಪಸ್ಸು, ತಡವಾದರೆ ಏನೂ ಇಲ್ಲ. ಅರವತ್ತನೆಯ ದಿನ ಇವತ್ತು, ಇವತ್ತು ಎಂದರೆ ಈ ಅಂಗಡಿಯ ಬಾಗಿಲು ಹಾಕುವವರೆಗೆ. ಅಜ್ಜಿಯ ರಾಜರು ಮಗಳ ಜೊತೆಗೆ ಅರ್ಧ ರಾಜ್ಯವನ್ನೇ ಕೊಟ್ಟುಬಿಡುತ್ತಿದ್ದರಲ್ಲ, ಮದುವೆ ನಿಂತುಹೋದರೆ ಆ ಅರ್ಧ ರಾಜ್ಯ ವಾಪಸ್ಸು ಬರುತ್ತಿತ್ತೇ, ಅರವತ್ತು ದಿನ ಮುಂಚೆ ಹೇಳಬೇಕಿತ್ತೇ, ಕೇಳಿದ್ದರೆ ಅಜ್ಜಿ ತಲೆಗೊಂದು ಮೊಟಕಿ, ಸುಮ್ನೆ ಕಣ್ಮುಚ್ಚೇ ಕೂಸೇ, ರಾಜ ಮಲಗಿದ, ನೀನೂ ಮಲಕ್ಕೋ, ಎನ್ನುತ್ತಿದ್ದಳು. ಆದರೆ ನಿಂತುಹೋಗಿದೆಯೇ? ಅದನ್ನೇ ಯಾರೂ ಹೇಳುತ್ತಿಲ್ಲವಲ್ಲ. ಬೆಳಿಗ್ಗೆ ಅಮ್ಮ ಒಂದು ಕೈಯಲ್ಲಿ ಫೋನು ಮುಚ್ಚಿಕೊಂಡು, ಹೋಗಿ ಅರ್ಧಾನಾದ್ರೂ ಇಸ್ಕೊಂಡ್ ಬಾರೇ, ಎಂದಳು, ಮುಚ್ಚಿದ ಕೈ ತೆಗೆದು ಚಿಕ್ಕಮ್ಮನಿಗೆ, ಛೆ ಛೆ, ಏನೂ ಆಗಿಲ್ಲ ಕಣೆ, ಸ್ವಲ್ಪ ಮುಂದಕ್ಕೆ ಹೋಗಿದೆ ಅಷ್ಟೆ, ಎಂದಳು. ಮುಂದಕ್ಕೆ ಹೋಗಿದ್ರೆ ಅರ್ಧ ಯಾಕಮ್ಮ ಕೇಳ್ಬೇಕು? ಅದಕ್ಕೆ ಅಮ್ಮ, ನಿನ್ ತರ್ಕ ಎಲ್ಲಾ ನನ್ ಮುಂದೇನೇ, ಆ ಹುಡುಗನ ಮುಂದೆ ಮಾತ್ರ ಬಾಯಿಗೆ ಬೀಗ. ಅಪ್ಪ ಸಿಂಕಿನ ಕೆಳಗೆ ಮಲಗಿ ಪೈಪು ಬಿಗಿ ಮಾಡುತ್ತಿದ್ದರು, ಕಾಣುತ್ತಿದ್ದದ್ದು ಎರಡು ಪಾದ, ನಿಂಗೆ ಹೆಂಗನ್ಸುತ್ತೋ ಹಂಗ್ ಮಾಡು ಮಗಳೇ, ಎಂದಿತು ಸಿಂಕು, ಹಾಗೇ ಆ ಸ್ಪ್ಯಾನರ್ ಕೊಡು.

ಹೇಗನ್ನಿಸುತ್ತದೆ ಎಂದು ದಿನವಿಡೀ ಬೇರೆಯವರನ್ನು ಕೇಳುವುದೇ ಇವಳ ಕೆಲಸ, ಕನ್ನಡಕದ ಅಂಗಡಿಯ ಕತ್ತಲೆ ಕೋಣೆಯಲ್ಲಿ ಒಂದು ಗಾಜು ಹಾಕಿ, ಇನ್ನೊಂದು ಗಾಜು ಹಾಕಿ, ಇದು ಸ್ಪಷ್ಟವಾ ಸಾರ್, ಅದು ಸ್ಪಷ್ಟವಾ, ಎರಡೂ ಒಂದೇ ಥರ ಕಾಣ್ತವಮ್ಮ, ಆತುರ ಇಲ್ಲ ಸಾರ್, ಇನ್ನೊಂದ್ಸಲ ನೋಡಿ – ಈಗ ಕುರ್ಚಿಯಲ್ಲಿ ಇವಳೇ ಕೂತಿದ್ದಾಳೆ, ಮುಂದಕ್ಕೋ, ರದ್ದೋ, ಎರಡೂ ಒಂದೇ ಥರ ಕಾಣುತ್ತವೆ, ಇನ್ನೊಂದ್ಸಲ ನೋಡಿ ಎನ್ನಲು ಯಾರೂ ಇಲ್ಲ. ಮೂರು ವಾರದ ಹಿಂದೆ ಬಸ್ ಸ್ಟಾಪಿನಲ್ಲಿ ಅವನು, ಸ್ವಲ್ಪ ದಿನ ತಡೆಯೋಣ್ವಾ, ಹೊಸ ಕೆಲಸ, ಒಂಚೂರು ಕಾಲೂರ್ಲಿ, ಎಂದ. ಎಷ್ಟು ದಿನ? ನೋಡೋಣ, ಆಮೇಲೆ ಹೇಳ್ತೀನಿ, ಬಸ್ ಬಂತು ನೋಡು. ಬಸ್ಸು ಬಂದದ್ದು ನಿಜ, ಇವಳು ಹತ್ತಿದ್ದೂ ನಿಜ, ಟಿಕೆಟು ತೆಗೆದುಕೊಂಡು ಕಿಟಕಿಯಿಂದ ಕೈ ಕೂಡ ಬೀಸಿದಳು, ಮದುವೆ ಮುರಿಯುವಾಗ ಯಾರಾದರೂ ಕೈ ಬೀಸುತ್ತಾರೆಯೇ? ತಂಗಿಯಂತೂ ಮೊದಲಿನಿಂದಲೂ ಅವನಿಗೆ ಆಮೇಲೆ ಭಾವ ಎಂದೇ ಹೆಸರಿಟ್ಟಿದ್ದಾಳೆ, ಉಂಗುರದ ಅಳತೆ ಆಮೇಲೆ, ಕಾರ್ಡಿನ ಬಣ್ಣ ಆಮೇಲೆ, ಅಕ್ಕಾ, ನಿಂಗೆ ಮಕ್ಳಾದ್ಮೇಲಾದ್ರೂ ಮದ್ವೆ ಆಗ್ತಾರೇನೇ ಆಮೇಲೆ ಭಾವ, ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು, ಆಗ ಇವಳೂ ನಕ್ಕಿದ್ದಳು. ಮುಂದಕ್ಕೆ ಎಂದು ಗುರುತು ಹಾಕೋಣ ಎಂದರೆ ಹೊಸ ದಿನಾಂಕ ಬೇಕು, ಅದು ಇವಳ ಹತ್ತಿರ ಎಲ್ಲಿದೆ, ಅವನ ಹತ್ತಿರವಾದರೂ ಎಲ್ಲಿದೆ. ಮೇಡಂ, ದಿನಾಂಕದ ಜಾಗ ಖಾಲಿ ಬಿಟ್ರೆ ಆಗುತ್ತಾ? ಖಾಲಿ ಬಿಟ್ರೆ ನಾವು ಯಾವತ್ತು ಬರೋದಮ್ಮಾ, ದಿನಾ ಕ್ಯಾಮೆರಾ ಕುತ್ತಿಗೆಗೆ ಹಾಕ್ಕೊಂಡು ನಿಮ್ಮನೆ ಬಾಗ್ಲಲ್ಲಿ ನಿಂತ್ಕೊಳ್ಳೋದಾ, ಎಂದು ಅವರು ನಕ್ಕರು, ಕೆಟ್ಟ ನಗುವಲ್ಲ, ಎದ್ದು ಬೀರು ತೆಗೆದು ಫೈಲು ಹುಡುಕತೊಡಗಿದರು, ರದ್ದಾದ್ರೆ ಇಬ್ರ ಸೈನೂ ಬೇಕು, ನಮ್ಮನೇವ್ರ ರೂಲ್ಸು, ಒಂದ್ಸಲ ಗಂಡು ಬಂದು ದುಡ್ಡು ವಾಪಸ್ ತಗೊಂಡು ಹೋದ, ಮದ್ವೆ ದಿನ ಹೆಣ್ಣಿನ ಅಪ್ಪ ಫೋನ್ ಮಾಡಿ ಎಲ್ರಯ್ಯಾ ಇದೀರಾ ಅಂತ ಬೈದ್ರು, ಅವತ್ತಿಂದ ಇಬ್ರೂ ಹಾಕ್ಬೇಕು. ಹಾಗಾದರೆ ಇವತ್ತು ಆಗುವುದೇ ಇಲ್ಲ, ಅವನು ಊರಲ್ಲಿಲ್ಲ, ಅವನ ಸಹಿ ಎಲ್ಲಿಂದ ತರುವುದು, ಒಳಗೊಳಗೇ ಎಂಥದೋ ಹಗುರ, ಸಹಿ ಇಲ್ಲದೆ ರದ್ದಿಲ್ಲ, ದಿನಾಂಕವಿಲ್ಲದೆ ಮುಂದಕ್ಕಿಲ್ಲ, ಎರಡೂ ಆಗದಿದ್ದರೆ ಆ ದಿನ ಹಾಗೇ ಇರುತ್ತದಲ್ಲ, ಮದುವೆ ಇರುತ್ತದಲ್ಲ, ಕೈಚೀಲ ಹೆಗಲಿಗೇರಿಸಿ ಏಳಬೇಕು – ಅವ್ರದ್ದಾಗಿದೆಯಲ್ಲಮ್ಮ, ಎಂದರು ಫೋಟೋಗ್ರಾಫರ ಹೆಂಡತಿ, ಸೋಮವಾರನೇ ಬಂದು ಹಾಕಿ ಹೋದ್ರು, ನಿಂಗೆ ಹೇಳಿಲ್ವಾ?

ಸೋಮವಾರ. ಸೋಮವಾರ ಅವನು ಇದೇ ಊರಲ್ಲಿದ್ದ, ಬಹುಶಃ ಇದೇ ಕುರ್ಚಿಯಲ್ಲಿ, ಸೋಮವಾರ ಫೋನಿನಲ್ಲಿ ಅವನು ಊಟ ಆಯ್ತಾ ಎಂದು ಕೇಳಿದ್ದು ಇಲ್ಲಿಗೆ ಬರುವ ಮೊದಲೋ, ಬಂದುಹೋದ ಮೇಲೋ. ಹಾಳೆ ಮುಂದೆ ಬಂತು, ಕೆಳಗೆ ಅವನ ಸಹಿ, ಅದೇ ಓಡುವ ಅಕ್ಷರ, ಮೇಲೆ ಎರಡು ಚೌಕವೂ ಖಾಲಿ. ಖಾಲಿ ಯಾಕೆ? ನಾನೂ ಕೇಳ್ದೆನಮ್ಮ, ಯಾವ್ದಕ್ಕೆ ಗುರುತು ಹಾಕ್ಲಿ ಸಾರ್ ಅಂತ, ಅವಳು ಬರ್ತಾಳೆ, ಅವಳೇ ಹಾಕ್ತಾಳೆ ಅಂದ್ರು, ಬಹಳ ಹೊತ್ತು ಕೂತಿದ್ರು ಪಾಪ, ಟೀ ತರಿಸ್ಲಾ ಅಂದ್ರೆ ಅದಕ್ಕೂ ಆಮೇಲೆ ಅಂದ್ರು. ಇವಳ ಮೇಲೆ ಭಾರ ಹಾಕಿ ಹೋದನೋ, ಇವಳಿಷ್ಟದ ಹಾಗೆ ಆಗಲಿ ಎಂದು ಬಿಟ್ಟನೋ, ದಯೆಯೋ, ಹೇಡಿತನವೋ, ಇದು ಸ್ಪಷ್ಟವಾ, ಅದು ಸ್ಪಷ್ಟವಾ. ಹಾಳೆಯ ಹಿಂದೆ ಸಿಕ್ಕಿಸಿದ್ದ ಫೋಟೋ ಒಂದು ಜಾರಿ ಹೊರಬಂತು, ಬುಕ್ಕಿಂಗಿನ ದಿನ ತೆಗೆದದ್ದು, ಅಡ್ವಾನ್ಸ್ ಕೊಟ್ಟ ಜೋಡಿಯನ್ನೆಲ್ಲ ನಿಲ್ಲಿಸಿ ಒಂದು ತೆಗೆದಿಟ್ಟುಕೊಳ್ಳುತ್ತಾರೆ ಫೋಟೋಗ್ರಾಫರು, ಜನಜಂಗುಳಿಯಲ್ಲಿ ಸಹಾಯಕರಿಗೆ ಗುರುತು ಸಿಗಲಿ ಎಂದು. ಇವಳು ಕುರ್ಚಿಯಲ್ಲಿ, ಅವನು ಹಿಂದೆ. ಅವತ್ತು ಅವನು ಎಡ ಹೆಗಲ ಮೇಲೆ ಕೈ ಇಟ್ಟಿದ್ದ, ಮೊದಲ ಸಲ, ಆ ಕೈಯ ಭಾರ, ಅಂಗೈಯ ಬಿಸಿ, ನಾಲ್ಕು ತಿಂಗಳು ಅದನ್ನು ಹೊತ್ತುಕೊಂಡೇ ಓಡಾಡಿದ್ದಾಳೆ, ತಲೆ ಬಾಚುವಾಗ ಆ ಕಡೆ ಮೆಲ್ಲಗೆ ಬಾಚಿದ್ದಾಳೆ, ಬಸ್ಸಿನಲ್ಲಿ ಯಾರಾದರೂ ಆ ಹೆಗಲಿಗೆ ತಾಗಿದರೆ ಸಿಡುಕಿದ್ದಾಳೆ – ಫೋಟೋದಲ್ಲಿ ಕೈ ಹೆಗಲ ಮೇಲಿಲ್ಲ. ಮೇಲಿದೆ, ತಾಗಿಲ್ಲ. ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು, ಐದೂ ಬೆರಳು ಬಿಡಿಸಿಕೊಂಡು ಹೆಗಲಿಗಿಂತ ಒಂದು ಬೆರಳಗಲ ಮೇಲೆ ನಿಂತಿವೆ, ನಡುವೆ ಹಿಂದಿನ ಪರದೆಯ ಹಸಿರು. ಅದಾ, ಎಂದು ಬಗ್ಗಿ ನೋಡಿದರು ಫೋಟೋಗ್ರಾಫರು, ಮೂರ್ ಸಲ ಹೇಳಿದೆ ಕಣಮ್ಮ, ಸಾರ್ ಕೈ ಇಡಿ, ಸಾರ್ ಕೈ ಇಡಿ ಅಂತ, ಇಟ್ಟಿದೀನಲ್ಲ ಅಂದ್ರು. ಇಟ್ಟಿದ್ದೇನೆ ಎಂದುಕೊಂಡಿದ್ದ, ಇಟ್ಟಿದ್ದಾನೆ ಎಂದುಕೊಂಡಿದ್ದಳು, ಹಾಗಾದರೆ ಆ ಬಿಸಿ ಯಾರದು, ಯಾವ ಕೈಯದು ಆ ಭಾರ, ಹೆಗಲು ತಾನೇ ಕಟ್ಟಿಕೊಂಡ ಕಥೆಯೇ – ಮೇಜಿನ ಫೋನು ಹೊಡೆದುಕೊಂಡಿತು, ಹಾಂ ಹೇಳಿ, ಅದೇ ದಿನಾನಾ, ಒಂದ್ನಿಮಿಷ ಇರಿ, ಎಂದ ಫೋಟೋಗ್ರಾಫರ ಹೆಂಡತಿ ಇವಳ ಕಡೆ ತಿರುಗಿದರು, ಬೇರೆ ಯಾರೋ ಅದೇ ದಿನ ಕೇಳ್ತಿದಾರಮ್ಮ, ಏನ್ ಹೇಳ್ಲಿ? ಆಮೇಲೆ ಎಂಬ ಮಾತು ನಾಲಿಗೆಯ ತುದಿಗೇ ಬಂತು, ಅಲ್ಲೇ ನಿಂತಿತು, ಅವನ ಮಾತು ಇವಳ ಬಾಯಲ್ಲಿ ಏನು ಮಾಡುತ್ತಿದೆ. ಅವ್ರಿಗೇ ಕೊಟ್ಬಿಡಿ ಮೇಡಂ ಆ ದಿನ, ಎಂದಿತು ಯಾರದೋ ದನಿ, ಇವಳದೇ, ಪೆನ್ನು ಎರಡನೆಯ ಚೌಕದಲ್ಲಿ ಒಂದು ಗೆರೆ ಎಳೆದು ಕೆಳಗೆ ಇವಳ ಹೆಸರನ್ನೂ ಬರೆದಿದೆ. ಅತ್ತುಬಿಟ್ಟೇನು ಎಂದು ಕಾದಳು, ಅಳು ಬರಲಿಲ್ಲ, ಅಮ್ಮನಿಗೆ ಏನೆನ್ನಬೇಕು, ಚಿಕ್ಕಮ್ಮನಿಗೆ ಅಮ್ಮ ಏನೆನ್ನುತ್ತಾಳೆ, ಅವನಿಗೆ ಹೇಳಬೇಕೇ, ಅವನಿಗೆ ಗೊತ್ತೇ ಇತ್ತೇ, ಮತ್ತೆ ಆ ಕೈ, ಇಡಲೂ ಇಲ್ಲ, ತೆಗೆಯಲೂ ಇಲ್ಲ, ಬಾಗಿಲಿಗೆ ಹೋಗಬೇಕು, ಬೀದಿಗೆ ಇಳಿಯಬೇಕು, ಐದು ಬೆರಳು, ಕೆಳಗೆ ಹೆಗಲು, ನಡುವೆ ಒಂದು ಬೆರಳಗಲ ಹಸಿರು, ಒಂದು ಬೆರಳಗಲ…