ಬ್ಯಾಟರಿ ಉಳಿತಾಯ ಸಮಿತಿ

ನನ್ನ ಹೆಂಡತಿ ತೆರೇಸಿಯಾ ಹುಟ್ಟಿದಾಗಿನಿಂದ ಯಾರ ಹತ್ತಿರವೂ ಬುಬುಸಿ ಮಾಡಿದವಳಲ್ಲ. ಬುಬುಸಿ ಅಂದರೆ ಬಾಯಿಬಿಟ್ಟು ಕೇಳುವುದು. ಪೆಸಿಫಿಕ್ ಸಾಗರದ ನಮ್ಮ ಕಿರಿಬಾಸ್‌ನಲ್ಲಿ ಆ ಮಾತು ಹೇಳಿ ಕೇಳಿದವರಿಗೆ ಇಲ್ಲ ಅನ್ನುವ ಹಾಗಿಲ್ಲ. ದೋಣಿ ಕೇಳಿದರೆ ದೋಣಿ, ಮೈಮೇಲಿನ ಅಂಗಿ ಕೇಳಿದರೆ ಅಂಗಿ. ದೊಡ್ಡದನ್ನು ಕೇಳಿದವರಿಗೂ ನಾಚಿಕೆಯೇ, ಆದರೆ ನಮ್ಮೂರಲ್ಲಿ ನಾಚಿಕೆ ಇರುವವರು ಕಡಿಮೆ.

ಊರಿನ ಪುಟ್ಟ ಆಸ್ಪತ್ರೆಯಲ್ಲಿ ಆರು ವರ್ಷ ಸಹಾಯಕಿಯಾಗಿ ದುಡಿದ ಮೇಲೆ ಅವಳಿಗೆ ರಾಜಧಾನಿಯಿಂದ ಒಂದು ಟ್ಯಾಬ್ ಬಂದಿತ್ತು. ಶುಕ್ರವಾರ ಹತ್ತು ಗಂಟೆಗೆ ಅದರಲ್ಲೇ ಎರಡು ತಾಸಿನ ಪರೀಕ್ಷೆ, ಮುಗಿದೊಡನೆ ಅದರಲ್ಲೇ ಫಲಿತಾಂಶ. ಪಾಸಾದರೆ ನರ್ಸ್, ತಪ್ಪಿದರೆ ಇನ್ನು ಮೂರು ವರ್ಷ ಕಾಯಬೇಕು. ನಮ್ಮ ದ್ವೀಪದಲ್ಲಿ ನರ್ಸ್ ಇಲ್ಲ, ಗಾಯ ತೋರಿಸಲು ದೋಣಿಯಲ್ಲಿ ಅರ್ಧ ದಿನ ಹೋಗಬೇಕು. ಆಸ್ಪತ್ರೆಯ ಸೋಲಾರ್ ಉಪ್ಪುಗಾಳಿಗೆ ಕೆಟ್ಟಿತ್ತು, ಹೊಸದು ಮುಂದಿನ ಹಡಗಿಗೆ. ಸೋಮವಾರ ಟ್ಯಾಬಿನಲ್ಲಿ ಚಾರ್ಜ್ ಎಂಬತ್ತಮೂರು ಇತ್ತು.

ತೆರೇಸಿಯಾ ಪರದೆಯ ಬೆಳಕು ತಗ್ಗಿಸಿದಳು, ಬೇಡದ್ದನ್ನೆಲ್ಲ ಮುಚ್ಚಿದಳು, ಬಿಸಿ ತಾಗದ ಹಾಗೆ ಅದನ್ನು ಕೇದಗೆ ಓಲೆಯ ಬುಟ್ಟಿಯಲ್ಲಿಟ್ಟಳು. ಅಷ್ಟಕ್ಕೇ ಬಿಟ್ಟಿದ್ದರೆ ಶುಕ್ರವಾರದವರೆಗೆ ಆರಾಮಾಗಿ ಬರುತ್ತಿತ್ತು. ಆದರೆ ಸುದ್ದಿ ಹಿರಿಯ ಆಂತೆರೆಯಾನ ಕಿವಿಗೆ ಬಿತ್ತು.

ಊರಲ್ಲಿ ಕೆಡದ ಸೋಲಾರ್ ಇದ್ದದ್ದು ಅವನೊಬ್ಬನ ಮನೆಯಲ್ಲಿ. ಅದರ ದೊಡ್ಡ ಬ್ಯಾಟರಿಗೆ ಸೂರಿನ ಮೇಲೊಂದು ಧ್ವನಿವರ್ಧಕ ಕಟ್ಟಿಕೊಂಡು ಬೆಳಗಿಂದ ಸಂಜೆವರೆಗೆ ಊರಿಗೆ ಬುದ್ಧಿ ಹೇಳುತ್ತಿದ್ದ. ಅವನ ಕಾಲಲ್ಲಿ ವರ್ಷದಿಂದ ಮಾಯದ ಹುಣ್ಣು. ಬಾಯಿಗೆ ಮಾತ್ರ ಯಾವ ರೋಗವೂ ಇರಲಿಲ್ಲ. ಮಂಗಳವಾರ ಅವನೇ ಅಧ್ಯಕ್ಷನಾಗಿ ಬ್ಯಾಟರಿ ಉಳಿತಾಯ ಸಮಿತಿ ಹುಟ್ಟಿತು. ಊರಿನ ಸಭಾಮನೆಯ ನಡುವೆ ಚಾಪೆ ಹಾಸಿ, ಟ್ಯಾಬಿಗೆ ಹೂವಿನ ಮಾಲೆ ಹಾಕಿ ಕೂರಿಸಿದರು.

"ಎಷ್ಟಿದೆ ನೋಡ್ರೋ," ಅಂದ ಆಂತೆರೆಯಾ.

"ಎಂಬತ್ತು, ತಾತ," ಅಂದ ಒಬ್ಬ ಹುಡುಗ.

"ಈಗ?"

"ಈಗ್ಲೂ ಎಂಬತ್ತೇ."

"ಸರಿಯಾಗಿ ನೋಡೋ, ಕಣ್ಣಿಲ್ವಾ? ಬೆಳಕು ಜಾಸ್ತಿ ಮಾಡ್ಕೊಂಡು ನೋಡು!"

ಟ್ಯಾಬನ್ನು ಯಾರೂ ಮುಟ್ಟಬಾರದು ಎಂದು ತೀರ್ಮಾನವಾಯಿತು. ಯಾರೂ ಮುಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಸದಸ್ಯರು ಗಂಟೆಗೊಬ್ಬರಂತೆ ಬಂದು ಅದನ್ನು ಮುಟ್ಟಿದರು. ಬಂದವರು ಬರಿಗೈಲಿ ಹೋದಾರೆಯೇ? ಒಬ್ಬನದು ಬಾಕ್ಸಿಂಗ್ ನೋಡುವ ಬುಬುಸಿ. ಇನ್ನೊಬ್ಬ ಮನೆಯಡಿ ಬಿದ್ದ ಗಾಳದ ಕೊಕ್ಕೆ ಹುಡುಕಲು ಅದರ ಟಾರ್ಚ್ ಕೇಳಿದ. ಅಧ್ಯಕ್ಷನಿಗೆ ಅದರಲ್ಲಿದ್ದ ಚರ್ಚಿನ ಸ್ತೋತ್ರಗಳು ಕೇಳಬೇಕಿತ್ತು, ಹದಿನಾಲ್ಕೂ. ತೆರೇಸಿಯಾ ಹಲ್ಲು ಕಚ್ಚಿ ಕೊಟ್ಟಳು. ಗುರುವಾರಕ್ಕೆ ಉಳಿದದ್ದು ಆರು.

"ಆ ಮುದುಕನ ಮನೇಲಿ ಚಾರ್ಜ್ ಹಾಕಿಸ್ಬಾರ್ದಾ?" ಅಂದೆ.

"ಸುಮ್ನೆ ಕೇಳ್ದೆ, ಬುಬುಸಿ ಅನ್ಲಿಲ್ಲ. 'ನಮ್ಮ ಬ್ಯಾಟರೀನೂ ಉಳಿಸ್ಬೇಕಲ್ಲ ಮಗಳೇ' ಅಂದ್ರು."

ನನಗೆ ಮೈಯೆಲ್ಲ ಉರಿಯಿತು. ಅವಳು ತಲೆ ಬಾಚಿಕೊಂಡು ಅಂದು ಸಂಜೆಯ ಸಮಿತಿ ಸಭೆಗೆ ಹೊರಟಳು.

ಅಲ್ಲಿ ಆಂತೆರೆಯಾ ಸಮಿತಿಯ ಸಾಧನೆ ವಿವರಿಸುತ್ತಿದ್ದ. ತೆರೇಸಿಯಾ ಎದ್ದು ನಿಂತಳು.

"ತಾತ, ನನ್ನದೊಂದು ಬುಬುಸಿ."

ಮುದುಕ ನಕ್ಕ. "ಚಾರ್ಜ್ ತಾನೇ? ತಗೋ ಮಗಳೇ, ಅರ್ಧ ತಾಸು."

"ಚಾರ್ಜಲ್ಲ ತಾತ. ಬ್ಯಾಟರಿ. ಅದರ ಜೊತೆ ಸೋಲಾರೂ."

ಅಷ್ಟು ಜನರ ಮುಂದೆ ಇಲ್ಲ ಅನ್ನುವುದಕ್ಕಿಂತ ಅವನಿಗೆ ಸಾಯುವುದು ಸುಲಭವಿತ್ತು. "ತಗೊಂಡ್ ಹೋಗು," ಅಂದ. ನಾವು ನಾಲ್ವರು ಬ್ಯಾಟರಿಯನ್ನು ಹಂದಿ ಹೊತ್ತಂತೆ ಬಡಿಗೆಗೆ ಕಟ್ಟಿ ಆಸ್ಪತ್ರೆಗೆ ಹೊತ್ತೆವು.

ಶುಕ್ರವಾರ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಮುದುಕ ಕುಂಟುತ್ತ ಬಂದ. ಬುಬುಸಿಯಲ್ಲಿ ಕೊಟ್ಟದ್ದನ್ನು ಬುಬುಸಿ ಮಾಡಿಯೇ ವಾಪಸ್ಸು ಕೇಳಬಹುದು. ಬಾಗಿಲಿಗೆ ಅಡ್ಡ ನಿಂತೆ.

"ಪರೀಕ್ಷೆ ಮುಗಿಯೋತನಕ ಅವಳನ್ನ ಯಾರೂ ಮಾತಾಡಿಸೋ ಹಾಗಿಲ್ಲ ತಾತ. ಕಾನೂನು."

"ಕಾಯ್ತೀನಿ," ಎಂದು ಮೆಟ್ಟಿಲ ಮೇಲೆ ಕೂತ. ಎರಡು ತಾಸು ನಾನು ಅವನನ್ನೂ ಅವನ ಹುಣ್ಣಿನ ಮೇಲಿನ ನೊಣಗಳನ್ನೂ ಕಾದೆ.

ಬಾಗಿಲು ತೆರೆಯಿತು. ತೆರೇಸಿಯಾಳ ಕಣ್ಣು ಒದ್ದೆಯಾಗಿತ್ತು. ಅವನನ್ನು ಕಂಡು ಅವಳು ಹೊಸಿಲಲ್ಲೇ ನಿಂತಳು.

"ಪಾಸಾದ್ಯಾ?" ಅಂದ ಮುದುಕ.

"ಆದೆ ತಾತ."

"ಹಾಗಾದ್ರೆ ನನ್ನದೊಂದು ಬುಬುಸಿ." ಅವನು ಒಳಗಿನ ಬ್ಯಾಟರಿಯನ್ನೇ ನೋಡಿದ, ಬಹಳ ಹೊತ್ತು ನೋಡಿದ. ಆಮೇಲೆ ಕಾಲು ಮುಂದೆ ಚಾಚಿದ. "ಇದನ್ನ ನೋಡು. ರಾತ್ರಿಯೆಲ್ಲ ನಿದ್ದೆ ಇಲ್ಲ ಮಗಳೇ."

ನನ್ನ ಹೆಂಡತಿ ನೆಲದ ಮೇಲೆ ಕೂತು ಅವನ ಹುಣ್ಣು ತೊಳೆಯತೊಡಗಿದಳು. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ. ಅಷ್ಟರಲ್ಲಿ ಮುದುಕ ಮೆಲ್ಲಗೆ ಅವಳ ಪಕ್ಕದಲ್ಲಿದ್ದ ಟ್ಯಾಬಿನ ಕಡೆ ಕೈ ಚಾಚಿದ.

"ಎಷ್ಟಿದೆ ಅಂತ..."

"ಕೈ ತೆಗೀರಿ," ಅಂದಳು ನರ್ಸ್.

ಅಧ್ಯಕ್ಷ ಕೈ ತೆಗೆದ.