ಇರಲೇ ಇಲ್ಲ ಅನ್ನು

“ಹಿಂದಿನ ಸಲ ನೀವು ಈ ಬಾಗಿಲಿಂದ ಬರಲಿಲ್ಲ ಅಂತ ಕಾಣುತ್ತೆ,” ಎಂದರು ಹುಚ್ಚಾಸ್ಪತ್ರೆಯ ಮೇಲ್ವಿಚಾರಕರು, ಬಾಗಿಲನ್ನು ತಾವೇ ಹಿಡಿದು ನಿಂತು.

ವರದಿಗಾರ್ತಿಗೆ ನಗು ಬರಲಿಲ್ಲ. ಹಿಂದಿನ ಸಲ ಇಬ್ಬರು ದಾದಿಯರು ರಟ್ಟೆ ಹಿಡಿದು ಹಿತ್ತಿಲ ಗೇಟಿನಿಂದ ಅವಳನ್ನು ಎಳೆದು ತಂದಿದ್ದರು. ಆಗ ಅವಳು ಹುಚ್ಚಿ. ಈಗ ಮುಂಬಾಗಿಲು, ಮೈಮೇಲೆ ಉಣ್ಣೆಯ ಕೋಟು, ಪಕ್ಕದಲ್ಲಿ ತನಿಖಾ ಸಮಿತಿ. ಸಮಿತಿಯೆಂದರೆ ಒಬ್ಬ ನಿವೃತ್ತ ನ್ಯಾಯಾಧೀಶರು, ಬೇರೆ ಊರಿನಿಂದ ಕರೆಸಿದ ಒಬ್ಬ ಡಾಕ್ಟರು. ಹುಚ್ಚಿಯ ವೇಷದಲ್ಲಿ ಒಳಗಿದ್ದು ಕಂಡದ್ದನ್ನೆಲ್ಲ ಅವಳು ಪತ್ರಿಕೆಯಲ್ಲಿ ಬರೆದಾಗ ಊರಲ್ಲಿ ಗುಲ್ಲೆದ್ದಿತ್ತು. ಸರ್ಕಾರ ಒಲ್ಲದ ಮನಸ್ಸಿನಿಂದ ಇವರಿಬ್ಬರನ್ನು ಕಳಿಸಿ ಕೈತೊಳೆದುಕೊಂಡಿತ್ತು.

ಹೆಂಗಸರ ವಾರ್ಡಿಗೆ ಕಾಲಿಟ್ಟ ಕೂಡಲೇ ಅವಳು ಗಕ್ಕನೆ ನಿಂತಳು. ಆ ಹಳೆಯ ಗಬ್ಬು ವಾಸನೆಯೇ ಇರಲಿಲ್ಲ. ಗೋಡೆಗೆ ಹೊಸ ಸುಣ್ಣ, ಮಂಚಗಳ ಮೇಲೆ ಮಡಿಕೆ ಕೂಡ ಬಿಚ್ಚದ ಕಂಬಳಿಗಳು, ಮೇಜಿನ ಮೇಲೆ ಹೂವು. ಹೊರಗಿನದು ಕಾಣದಿರಲೆಂದು ಕಿಟಕಿಯ ಗಾಜುಗಳಿಗೆ ಬಳಿದಿದ್ದ ಬಿಳಿ ಬಣ್ಣವನ್ನು ಉಜ್ಜಿ ತೆಗೆದಿದ್ದರು. ಮಾತಾಡಿದವರನ್ನು ತಣ್ಣೀರಲ್ಲಿ ಅದ್ದಿದ ಚಾದರದಲ್ಲಿ ಬಿಗಿಯಾಗಿ ಸುತ್ತಿ, ಅದು ಮೈಮೇಲೇ ಒಣಗುವವರೆಗೆ ಮಲಗಿಸುತ್ತಿದ್ದ ಕೋಣೆಯನ್ನು ಅವಳು ಬೆರಳು ಮಾಡಿ ತೋರಿಸಿದಳು. ಮೇಲ್ವಿಚಾರಕರು ಬೀಗ ತೆಗೆಸಿದರು. ಒಳಗೆ ಸೂರಿನವರೆಗೂ ಗೋಣಿಚೀಲಗಳಿದ್ದವು.

“ಆಲೂಗಡ್ಡೆ,” ಎಂದರು ನ್ಯಾಯಾಧೀಶರು. ಅವರ ದನಿಯಲ್ಲಿ ಕುಹಕವಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಕೋಣೆಗಳನ್ನು ಸುಣ್ಣ ಹೊಡೆದು ಮುಚ್ಚಬಹುದು, ಮನುಷ್ಯರನ್ನು ಮುಚ್ಚಲಾಗದು ಎಂದು ಅವಳು ನಂಬಿಕೊಂಡು ಬಂದಿದ್ದಳು. ಅದೂ ಹುಸಿಯಾಯಿತು. ಲೇಖನದಲ್ಲಿ ಅವಳು ಬರೆದಿದ್ದ ಮೂವರು ಹೆಂಗಸರಲ್ಲಿ ಒಬ್ಬಳನ್ನು ಬೇರೆ ಆಸ್ಪತ್ರೆಗೆ ಸಾಗಿಸಿದ್ದರು, ಒಬ್ಬಳಿಗೆ ವಿಷಮಜ್ವರವೆಂದು ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಉಳಿದವಳು ಹೊಲಿಗೆಯಾಕೆ ಒಬ್ಬಳೇ. ‘ಇವಳ ಬುದ್ಧಿ ನನ್ನ ನಿಮ್ಮ ಬುದ್ಧಿಯಷ್ಟೇ ನೆಟ್ಟಗಿದೆ’ ಎಂದು ವರದಿಗಾರ್ತಿ ಅಚ್ಚಿನಲ್ಲಿ ಬರೆದದ್ದು ಇವಳ ಬಗ್ಗೆಯೇ. ಇವತ್ತು ಡಾಕ್ಟರು ಅದನ್ನು ಒಪ್ಪಿದರೆ ಹೊಲಿಗೆಯಾಕೆ ತನ್ನ ಮಗಳ ಹತ್ತಿರ ಹೋಗುತ್ತಾಳೆ, ಉಳಿದವರ ಪಾಡನ್ನೂ ವಿಚಾರಿಸುತ್ತಾರೆ. ಒಪ್ಪದಿದ್ದರೆ ಅವಳು ಸಾಯುವ ತನಕ ಇಲ್ಲೇ, ಬರೆದದ್ದೆಲ್ಲ ಹುಡುಗಿಯೊಬ್ಬಳ ಕಟ್ಟುಕಥೆ. ಎಲ್ಲರನ್ನೂ ಸಾಗಹಾಕಿದವರು ಇವಳೊಬ್ಬಳನ್ನು ಯಾಕೆ ಉಳಿಸಿಕೊಂಡರು ಎಂದು ವರದಿಗಾರ್ತಿ ಕೇಳಿಕೊಳ್ಳಬೇಕಿತ್ತು. ಸದ್ಯ ಇದ್ದಾಳಲ್ಲ ಎಂಬ ಖುಷಿಯಲ್ಲಿ ಅದು ಹೊಳೆಯಲಿಲ್ಲ.

ಹಿಂದಿನ ಸಲ ಒಳಗೆ ಸೇರುವ ಮೊದಲು ಪತ್ರಿಕೆಯ ಸಂಪಾದಕರು ಅವಳಿಗೆ ಹೇಳಿಕೊಟ್ಟಿದ್ದರು. “ನಾಲ್ಕು ಸುಳ್ಳು ಹೇಳಿದ್ರೆ ಸಿಕ್ಕಿಬೀಳ್ತೀಯ. ಒಂದೇ ಸುಳ್ಳು ಇಟ್ಕೊ. ದೇವರೇ ಬಂದು ಕೇಳಿದ್ರೂ ಅದನ್ನೇ ಹೇಳು.” ಮದುವೆಯೇ ಆಗದ ಅವಳು ಮಗು ಸತ್ತ ದುಃಖಕ್ಕೆ ತಲೆಕೆಟ್ಟ ವಿಧವೆಯಾದಳು. ಕನ್ನಡಿಯ ಮುಂದೆ ಅತ್ತು ಅಭ್ಯಾಸ ಮಾಡಿದ್ದಳು. ಒಳ್ಳೆಯ ಉಪಾಯ ಹೊಳೆಯಿತೆಂದು ಒಳಗೊಳಗೇ ಬೀಗಿದ್ದೂ ಉಂಟು.

ವಾರ್ಡಿನಲ್ಲಿ ಹಗಲೆಲ್ಲ ಬೆನ್ನಿಲ್ಲದ ಬೆಂಚಿನ ಮೇಲೆ ಸಾಲಾಗಿ, ನೆಟ್ಟಗೆ, ತುಟಿ ಪಿಟಕ್ಕೆನ್ನದೆ ಕೂರಬೇಕಿತ್ತು. ಆದರೂ ಮೊದಲ ದಿನವೇ ಅವಳ ಎಡಗಡೆಯಿಂದ ಮಾತು ಕೇಳಿಸಿತು. “ಹೋದದ್ದು ಗಂಡೋ ಹೆಣ್ಣೋ?” ತಿರುಗಿ ನೋಡಿದರೆ ಪಕ್ಕದವಳ ತುಟಿ ಅಲುಗಿರಲೇ ಇಲ್ಲ. ಅವಳು ಹೊಲಿಗೆಯವಳು. ವರ್ಷಗಟ್ಟಲೆ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳ ಹತ್ತಿರ ಹರಟಿ, ಬಾಯಿ ಬಿಡದೆ ಮಾತಾಡುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಮಾತಾಡುತ್ತಿರುವವರು ಯಾರೆಂದು ಗೊತ್ತಾಗದೆ ಬೀಗದಕೈ ಗೊಂಚಲಿನ ಹಿರಿಯ ದಾದಿ ಸಿಡುಕುತ್ತಾ ಬೆಂಚಿನುದ್ದಕ್ಕೂ ಓಡಾಡುತ್ತಿದ್ದಳು.

ಬಂದವರಿಗೆಲ್ಲ ಹೊಲಿಗೆಯಾಕೆ ಒಂದೇ ಪಾಠ ಹೇಳಿಕೊಡುತ್ತಿದ್ದಳು. “ದೊಡ್ಡೋರು ಕೇಳಿದಾಗ ಮಗು ಇರಲೇ ಇಲ್ಲ ಅನ್ನು ತಂಗಿ. ಮಗು ಮಗು ಅಂತಿದ್ರೆ ಇಲ್ಲೇ ಕೊಳೀತೀಯ. ಆದದ್ದನ್ನ ಆಗಿಲ್ಲ ಅನ್ಬೇಕು, ಇವ್ರಿಗೆ ಬೇಕಾದ್ದು ಅಷ್ಟೇ.” ಮಾವ ಹೊಡೆದದ್ದನ್ನು ಹೊಡೆಯಲಿಲ್ಲ ಎಂದು ಹೇಳಿ ಮನೆಗೆ ಹೋದವರಿದ್ದರು. ಅವಳು ಮಾತ್ರ ತನ್ನ ಪಾಠವನ್ನು ತಾನು ಕಲಿಯಲಿಲ್ಲ. ಅವಳ ಗಂಡ ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬಳನ್ನು ಮನೆಗೇ ತಂದು ಇಟ್ಟುಕೊಂಡಿದ್ದ. ಇವಳು ಬೀದಿಯಲ್ಲಿ ನಿಂತು ಕೂಗಾಡಿದಾಗ ತನಗೆ ಬೇಕಾದ ಡಾಕ್ಟರೊಬ್ಬನಿಂದ ಸಂಶಯದ ಹುಚ್ಚು ಎಂದು ಹೇಳಿಸಿ ಇಲ್ಲಿಗೆ ತಳ್ಳಿದ್ದ. ಆ ಹೆಂಗಸು ಈಗಲೂ ನಿನ್ನ ಮನೆಯಲ್ಲಿದ್ದಾಳೆಯೇ ಎಂದು ಮೇಲ್ವಿಚಾರಕರು ಕೇಳಿದಾಗಲೆಲ್ಲ ಇವಳು ಇದ್ದಾಳೆ ಎನ್ನುವುದು, ಅವರು ತಲೆಯಾಡಿಸಿ ಮತ್ತೆ ಬೆಂಚಿಗೆ ಕಳಿಸುವುದು, ಇದೇ ನಡೆದಿತ್ತು.

“ಎಲ್ರಿಗೂ ಹೇಳ್ಕೊಡ್ತೀರ. ನೀವ್ಯಾಕೆ ಹಾಗನ್ನಲ್ಲ ಅಕ್ಕ?”

“ನನ್ನ ಬಾಯಲ್ಲಿ ಬರಲ್ಲ ಕಣೆ. ಕಣ್ಣಾರೆ ನೋಡಿದ್ದೀನಿ.”

ವರದಿಗಾರ್ತಿಯನ್ನು ಒದ್ದೆ ಚಾದರದಲ್ಲಿ ಸುತ್ತಿದ ದಿನ, ನೆಲ ಒರೆಸುವ ನೆವದಲ್ಲಿ ಒಳಗೆ ಬಂದು, ಕಾಲ ಬಳಿಯ ಗಂಟು ಸಡಿಲಿಸಿ, ಮರಗಟ್ಟಿದ ಪಾದಗಳನ್ನು ತನ್ನ ಅಂಗೈಗಳ ನಡುವೆ ಉಜ್ಜಿದವಳು ಹೊಲಿಗೆಯಾಕೆ. ಅದಕ್ಕಾಗಿ ಅವಳನ್ನೂ ಸುತ್ತಿದರು. ಅವಳ ಹಲ್ಲು ಕಟಕಟಿಸುವ ಸದ್ದು ಬೆಂಚಿನವರೆಗೂ ಕೇಳುತ್ತಿತ್ತು. ಅಂದು ನಿಜ ಹೇಳಿಬಿಡಬೇಕೆಂದು ವರದಿಗಾರ್ತಿಗೆ ತುಟಿಯವರೆಗೂ ಬಂದಿತ್ತು. ಆದರೆ ಈ ವಾರ್ಡಿನಲ್ಲಿ ಒಬ್ಬರಿಗೆ ಗೊತ್ತಾದದ್ದನ್ನು ಆ ಚಾದರ ಹಿಂಡಿ ತೆಗೆಯುತ್ತಿತ್ತು. ಬಾಯಿಗೆ ಬೀಗ ಹಾಕಿಕೊಂಡಳು. ಆಮೇಲೆ ಪತ್ರಿಕೆಯ ವಕೀಲರು ಬಂದು ಬೆಂಚಿನಿಂದಲೇ ಅವಳನ್ನು ಬಿಡಿಸಿಕೊಂಡು ಹೋದರು. ಹೋಗಿಬರುತ್ತೇನೆ ಎನ್ನಲೂ ಆಗಲಿಲ್ಲ.

ಈಗ ಭೇಟಿಯ ಕೋಣೆಗೆ ಹೊಲಿಗೆಯಾಕೆಯನ್ನು ಕರೆತಂದರು. ತೂಕ ಇಳಿದು ನಿಲುವಂಗಿ ಜೋತಾಡುತ್ತಿತ್ತು. ಬಾಯಿ ಹಾಕಬಾರದೆಂದು ನ್ಯಾಯಾಧೀಶರು ಮೊದಲೇ ತಾಕೀತು ಮಾಡಿದ್ದರಿಂದ ವರದಿಗಾರ್ತಿ ದೂರದ ಕಿಟಕಿಯ ಬಳಿ, ಬೆಳಕಿಗೆ ಬೆನ್ನು ಮಾಡಿ ಕೂತಿದ್ದಳು. ಯಾರೋ ದೊಡ್ಡ ಮನೆಯ ಹೆಂಗಸಿರಬೇಕೆಂದುಕೊಂಡು ಹೊಲಿಗೆಯಾಕೆ ಅತ್ತ ಸರಿಯಾಗಿ ನೋಡಲೂ ಇಲ್ಲ.

“ಇವತ್ತು ಯಾವ ವಾರ?” ಡಾಕ್ಟರು ಕೇಳಿದರು.

“ಗುರುವಾರ ಸ್ವಾಮಿ. ಗುರುವಾರ ಗುರುವಾರ ಕೋಸಿನ ಸೂಪು. ಕೋಸು ಇರಲಿಲ್ಲ, ವಾಸನೆ ಇತ್ತು.”

ನ್ಯಾಯಾಧೀಶರು ಮೀಸೆಯಡಿ ನಕ್ಕರು. ವರದಿಗಾರ್ತಿಗೆ ಉಸಿರು ಬಂದಂತಾಯಿತು. ಡಾಕ್ಟರು ಇನ್ನೂ ಏನೇನೋ ಕೇಳಿದರು, ಲೆಕ್ಕ ಹಾಕಿಸಿದರು, ಕೊನೆಗೆ ಗಂಡನ ಮನೆಯ ಹೆಂಗಸಿನ ವಿಷಯಕ್ಕೆ ಬಂದರು.

“ಇದ್ದಾಳೆ,” ಎಂದಳು ಹೊಲಿಗೆಯಾಕೆ. “ಎಷ್ಟು ಸಲ ಕೇಳಿದ್ರೂ ಇದ್ದಾಳೆ.”

“ಹೌದು, ಇದ್ದಾಳೆ,” ಎಂದರು ನ್ಯಾಯಾಧೀಶರು. “ನಿನ್ನೆ ನಾನೇ ಹೋಗಿದ್ದೆ. ನನಗೆ ಚಹಾ ತಂದುಕೊಟ್ಟಳು.”

ಹೊಲಿಗೆಯಾಕೆ ಅವರ ಮುಖವನ್ನೇ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಮೂಗೊರೆಸಿಕೊಂಡಳು. ಇಷ್ಟು ವರ್ಷಗಳಲ್ಲಿ ಅವಳಿಗೆ ಹೌದು ಎಂದವರು ಇವರೊಬ್ಬರೇ. ಗೆದ್ದೆವು ಎಂದುಕೊಂಡಳು ವರದಿಗಾರ್ತಿ, ಮಡಿಲಲ್ಲಿ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡು.

ಮೇಲ್ವಿಚಾರಕರು ಗಂಟಲು ಸರಿಮಾಡಿಕೊಂಡರು. “ಅಪ್ಪಣೆಯಾದರೆ ನನ್ನದೂ ಒಂದು ಪ್ರಶ್ನೆ. ಆ ಕಿಟಕಿಯ ಹತ್ತಿರ ಕೂತವರು ಯಾರಮ್ಮ?”

ಹೊಲಿಗೆಯಾಕೆ ಕಣ್ಣು ಕಿರಿದು ಮಾಡಿ ನೋಡಿದಳು. ಮರುಗಳಿಗೆ ಅವಳ ಮುಖ ಅರಳಿತು. “ಅಯ್ಯೋ, ನನ್ನ ತಂಗಿ! ಎಷ್ಟು ಚೆನ್ನಾಗಾಗಿದ್ದೀಯೆ! ಈ ಕೋಟು ಯಾರು ಹೊಲಿದದ್ದು? ಭುಜದಲ್ಲಿ ಎಳೀತಿದೆ ನೋಡು.” ಆಮೇಲೆ ನ್ಯಾಯಾಧೀಶರ ಹತ್ತಿರ ಸರಿದು ದನಿ ತಗ್ಗಿಸಿದಳು. “ನನ್ನ ಪಕ್ಕದ ಮಂಚದವಳು ಸ್ವಾಮಿ. ಪಾಪ, ಒಂದೇ ಮಗು, ಕಾಲುವೆಗೆ ಬಿದ್ದು ಹೋಯ್ತು. ಅವಳ ಮುಂದೆ ಆ ಮಾತು ಎತ್ತಬೇಡಿ.”

“ಇವರು ಪತ್ರಿಕೆಯ ವರದಿಗಾರ್ತಿ,” ಎಂದರು ಮೇಲ್ವಿಚಾರಕರು ಮೆಲ್ಲಗೆ. “ಮದುವೆಯೇ ಆಗಿಲ್ಲ. ಮಗು ಎಲ್ಲಿಂದ ಬರಬೇಕು?”

“ಹಾಗಂತ ಹೇಳ್ಕೊಂಡಿದ್ದಾಳಾ?” ಹೊಲಿಗೆಯಾಕೆಯ ಕಣ್ಣು ತುಂಬಿಕೊಂಡಿತು. “ಹೇಳ್ಕೊಳ್ಳಲಿ ಬಿಡಿ. ಅದರಿಂದ ಯಾರ ಗಂಟು ಹೋಗುತ್ತೆ? ಬದುಕೋಕೆ ಏನಾದ್ರೂ ಬೇಕಲ್ಲ.”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನ್ಯಾಯಾಧೀಶರ ಮೀಸೆಯಡಿಯ ನಗು ಮಾಯವಾಗಿತ್ತು. ವರದಿಗಾರ್ತಿ ಹೊರಟುಹೋದ ಮೇಲೆ ಹೊಲಿಗೆಯಾಕೆ ಮೇಲ್ವಿಚಾರಕರನ್ನು ಕಂಡಾಗಲೆಲ್ಲ ‘ಮಗು ಕಳ್ಕೊಂಡ ಆ ಹುಡುಗಿ ಹೇಗಿದ್ದಾಳೆ’ ಎಂದು ಕೇಳುತ್ತಿದ್ದಳು. ಇಲ್ಲದ ಮಗುವನ್ನು ಇತ್ತೆನ್ನುವ ಅವಳನ್ನು ಅವರು ಉಳಿಸಿಕೊಂಡದ್ದು ಇವತ್ತು ಈ ಒಂದು ಪ್ರಶ್ನೆ ಕೇಳಲೆಂದೇ.

ವರದಿಗಾರ್ತಿ ಎದ್ದು ನಿಂತಳು. “ತಪ್ಪು ಅವರದಲ್ಲ. ಒಳಗೆ ಸೇರೋದಕ್ಕೆ ನಾನೇ ಕಟ್ಟಿದ ಸುಳ್ಳು ಅದು.” ಹೊಲಿಗೆಯಾಕೆಯ ಕಡೆ ತಿರುಗಿದಳು. “ಅಕ್ಕ, ಮಗು ಇರಲೇ ಇಲ್ಲ.”

“ಸರಿ, ಈಗ ಎದುರಿಗೇ ಹೇಳಿಯಾಯಿತು,” ಎಂದರು ಮೇಲ್ವಿಚಾರಕರು. “ಬುದ್ಧಿ ನೆಟ್ಟಗಿದ್ದವರು ತಿದ್ದಿಕೊಳ್ಳುತ್ತಾರೆ. ಕೇಳಿ ನೋಡಿ.” ಅವರು ನಿಶ್ಚಿಂತರಾಗಿದ್ದರು. ಹಿಡಿದ ಮಾತನ್ನು ಈ ಹೆಂಗಸು ಬಿಟ್ಟದ್ದನ್ನು ಅವರು ಒಮ್ಮೆಯೂ ಕಂಡಿರಲಿಲ್ಲ.

“ಏನು ಹೇಳ್ತೀರಮ್ಮ?” ನ್ಯಾಯಾಧೀಶರು ಕೇಳಿದರು. “ಮಗು ಇತ್ತೋ, ಇರಲಿಲ್ಲವೋ?”

ಹೊಲಿಗೆಯಾಕೆ ವರದಿಗಾರ್ತಿಯ ಒದ್ದೆ ಕಣ್ಣುಗಳನ್ನು ನೋಡಿದಳು. ಮೇಲ್ವಿಚಾರಕರನ್ನು ನೋಡಿದಳು. ಬಾಗಿಲಲ್ಲಿ ಬೀಗದಕೈ ಗೊಂಚಲು ಹಿಡಿದು ನಿಂತಿದ್ದ ಹಿರಿಯ ದಾದಿಯನ್ನು ನೋಡಿದಳು. ಆಮೇಲೆ ನಡೆದು ಹೋಗಿ, ದಾದಿಗೂ ವರದಿಗಾರ್ತಿಗೂ ನಡುವೆ ನಿಂತುಕೊಂಡಳು.

“ಇರಲಿಲ್ಲ ಸ್ವಾಮಿ,” ಎಂದಳು. ಅವಳ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. “ನಾನೇ ಏನೋ ತಪ್ಪು ತಿಳ್ಕೊಂಡೆ. ಅವಳು ಹೇಳೋದೇ ಸರಿ. ಅವಳಿಗೆ ಏನೂ ಆಗಿಲ್ಲ, ಚೆನ್ನಾಗಿದ್ದಾಳೆ. ದಯವಿಟ್ಟು ಅವಳನ್ನ ಮತ್ತೆ ಒಳಗೆ ಹಾಕ್ಬೇಡಿ.”

ಕೊನೆಯ ಮಾತನ್ನು ಡಾಕ್ಟರು ಕಿವಿಗೆ ಹಾಕಿಕೊಳ್ಳಲಿಲ್ಲ. ತಿದ್ದಿಕೊಂಡಳು ಎಂಬುದಷ್ಟೇ ಅವರಿಗೆ ಬೇಕಿತ್ತು. ನ್ಯಾಯಾಧೀಶರಿಗೆ ತಲೆಯಾಡಿಸಿದರು. ವರದಿಗಾರ್ತಿಗೆ ಮಾತ್ರ ಅದು ಅರ್ಥವಾಯಿತು. ತನ್ನ ಬಿಡುಗಡೆಗೆಂದು ಎಂದೂ ಹೇಳದ ಸುಳ್ಳನ್ನು ಆಕೆ ಇವಳಿಗಾಗಿ ಹೇಳಿದ್ದಳು.

“ಇವರನ್ನು ಇವತ್ತೇ ಬಿಟ್ಟುಬಿಡಿ,” ಎಂದರು ನ್ಯಾಯಾಧೀಶರು.

“ಬಿಡ್ತಾರಂತೆ ತಂಗಿ!” ಹೊಲಿಗೆಯಾಕೆ ಅವಳ ಕೈ ಹಿಡಿದು ಅಲುಗಿಸಿದಳು. “ನಿನ್ನ ಬಿಡ್ತಾರಂತೆ!”

“ಅವರನ್ನಲ್ಲಮ್ಮ,” ಎಂದರು ನ್ಯಾಯಾಧೀಶರು. “ನಿಮ್ಮನ್ನ.”

ಮಗಳು ಹೊಲಿಗೆಯಾಕೆಯ ಅಕ್ಕನ ಮನೆಯಲ್ಲಿ ಬೆಳೆಯುತ್ತಿದ್ದಳು. ಮಧ್ಯಾಹ್ನ ವರದಿಗಾರ್ತಿಯೇ ಬಾಡಿಗೆಯ ಕುದುರೆಗಾಡಿ ಮಾಡಿ ಅವಳನ್ನು ಅಲ್ಲಿಗೆ ಕರೆದುಕೊಂಡು ಹೊರಟಳು. ಗಾಡಿಯಲ್ಲಿ ಹೊಲಿಗೆಯಾಕೆ ಒರಗದೆ ನೆಟ್ಟಗೆ ಕೂತಿದ್ದಳು. ಒರಗಿಕೊಳ್ಳಿ ಎಂದು ಎರಡು ಸಲ ಹೇಳಬೇಕಾಯಿತು. ಆಮೇಲೆ ಮಗುವಿನ ಹಾಗೆ ಕಿಟಕಿಗೆ ಮುಖವಿಟ್ಟು ಅಂಗಡಿಗಳನ್ನೂ ಓಡಾಡುವವರ ಬಟ್ಟೆಗಳನ್ನೂ ನೋಡತೊಡಗಿದಳು. ಮಗಳಿಗೆ ನನ್ನ ಗುರುತು ಸಿಗುತ್ತೋ ಇಲ್ಲವೋ ಎಂದಳು, ತೋಳುಗಳ ಉದ್ದ ಎಷ್ಟಾಗಿದೆಯೋ ಎಂದಳು.

ವರದಿಗಾರ್ತಿಗೆ ತಡೆಯಲಾಗಲಿಲ್ಲ. “ಅಕ್ಕ, ಇಲ್ಲಿ ಯಾರೂ ಇಲ್ಲ. ಈಗ ಹೇಳ್ತಿರೋದು ನಿಜ. ನಾನು ಪತ್ರಿಕೆಗೆ ಬರೆಯೋಳು. ನನಗೆ ಮಗು ಇರಲೇ ಇಲ್ಲ. ನಿಮಗೆ ಸುಳ್ಳು ಹೇಳಿದೆ, ನನ್ನ ಕ್ಷಮಿಸಿ.”

“ಹೂಂ, ಇರಲಿಲ್ಲ,” ಎಂದಳು ಹೊಲಿಗೆಯಾಕೆ.

“ನೀವು ನಂಬ್ತಿಲ್ಲ.”

“ನಂಬ್ದೆ ಏನು? ಅಳಬೇಡ. ಯಾರು ಕೇಳಿದ್ರೂ ಹೀಗೇ ಹೇಳು, ನನ್ನ ಹತ್ರಾನೂ ಹೀಗೇ ಹೇಳು.” ಅವಳು ವರದಿಗಾರ್ತಿಯ ಕೋಟಿನ ಕಾಲರನ್ನು ಎಳೆದು ನೇರ ಮಾಡಿದಳು. ಅವಳ ಬೆರಳುಗಳು ನೆಲ ಉಜ್ಜುವ ಸೋಡಾಪುಡಿಗೆ ಬಿರುಕು ಬಿಟ್ಟಿದ್ದವು.

ಗಾಡಿಯವನು ಲಗಾಮು ಜಗ್ಗಿ ವೇಗ ತಗ್ಗಿಸಿದ. ಗಾಡಿ ಸೇತುವೆಯ ಏರನ್ನು ಹತ್ತತೊಡಗಿತು, ಕೆಳಗೆ ಕಾಲುವೆಯ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಹೊಲಿಗೆಯಾಕೆ ಬೇಗನೆ ಬಾಗಿ, ವರದಿಗಾರ್ತಿಯ ಕಡೆಯ ಕಿಟಕಿಯ ಪರದೆಯನ್ನು ಎಳೆದು, ಸೇತುವೆ ದಾಟುವವರೆಗೂ ಅದರ ಅಂಚನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಳು.