ಕೋಳಿಗೂಡಿನಲ್ಲಿ ಎಕ್ಸ್‌ಟೆಂಡರ್

ನಾನು ಮನೆಅಳಿಯ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದೆಲ್ಲ ಸುಲಭ. ಝ್ಲಾತಿಬೋರ್ ಬೆಟ್ಟದ ಈ ಊರಿನಲ್ಲಿ ಹೆಂಡತಿಯ ಮನೆಗೆ ಬಂದು ಸೇರಿಕೊಂಡ ಗಂಡಸನ್ನು ಕಂಡರೆ ನಾಯಿ ಕೂಡ ಮನಸ್ಸಿಟ್ಟು ಬೊಗಳುವುದಿಲ್ಲ. ಸಾಲದ್ದಕ್ಕೆ ನಾನು ಬನಾತ್ ಬಯಲಿನವನು. ನಮ್ಮ ಕಡೆ ಎತ್ತರದ ಜಾಗ ಎಂದರೆ ತಿಪ್ಪೆಗುಂಡಿಯ ದಿಬ್ಬ. ಹೀಗಾಗಿ ಮಾವ ಒಬ್ರೆನ್ ನನ್ನನ್ನು ಟೋಶಾ ಎಂದು ಹೆಸರು ಹಿಡಿದು ಕರೆದವರೇ ಅಲ್ಲ. ಕರೆದರೆ "ಏ ಬಯಲಿನವನೇ", ಇಲ್ಲದಿದ್ದರೆ ಬರೀ ಕೆಮ್ಮು.

ಮಾವನಿಗೆ ಹೊಗೆಮನೆ ಎಂದರೆ ದೇವರಮನೆ. ನವೆಂಬರ್ ಬಂತೆಂದರೆ ಹಂದಿ ಕಡಿದು, ತೊಡೆಗಳನ್ನು ಉಪ್ಪಿನಲ್ಲಿ ನೆನೆಹಾಕಿ, ಆಮೇಲೆ ಹೊಗೆಮನೆಯ ತೊಲೆಗೆ ತೂಗುಹಾಕಿ ಹೊಗೆಯಲ್ಲೇ ಒಣಗಿಸುತ್ತಾರೆ. ಕೆಳಗೆ ಬೀಚ್ ಮರದ ಸೌದೆ. ಅಲ್ಲಿನ ಬೆಂಕಿಯ ಗುಣವೇ ಬೇರೆ: ಉರಿ ಕಾಣಬಾರದು, ಹೊಗೆ ನಿಲ್ಲಬಾರದು. ಉರಿ ಎದ್ದರೆ ಮಾಂಸ ಹೊರಗೆ ಗಟ್ಟಿಯಾಗಿ ಒಳಗೆ ಕೊಳೆಯುತ್ತದೆ, ವರ್ಷದ ಸಂಪಾದನೆ ನಾಯಿಪಾಲು. ಈ ಬೆಂಕಿ ಯಾರ ಕೈಯಲ್ಲಿದೆಯೋ ಅವನೇ ಇಲ್ಲಿ ಗಂಡಸು. ನಾನು ಬಂದಾಗಿನಿಂದ ಸೌದೆ ಒಡೆದಿದ್ದೇನೆ, ಹೊತ್ತಿದ್ದೇನೆ, ಬೂದಿ ಬಳಿದಿದ್ದೇನೆ. ಆದರೆ ಒಂದೇ ಒಂದು ಕೊಳ್ಳಿಯನ್ನು ಆಚೀಚೆ ಸರಿಸಲು ಮಾವ ಬಿಟ್ಟಿರಲಿಲ್ಲ. ಅದು ನನಗೆ ಬಹಳ ನೋವಿನ ಸಂಗತಿಯಾಗಿತ್ತು.

ಈ ಸಲ ಮಾವ ಪ್ಲಮ್ ಮರದಿಂದ ಬಿದ್ದರು. ಸೊಂಟದ ಮೂಳೆ ಬಿರುಕು ಬಿಟ್ಟಿತು. ಡಾಕ್ಟರು ಮಂಚ ಬಿಟ್ಟು ಏಳಕೂಡದು, ರಾಕಿಯಾ ಸಾರಾಯಿ ಮುಟ್ಟಕೂಡದು ಎಂದರು. ಮೊದಲನೆಯದಕ್ಕೆ ಮಾವ ಗೊಣಗಿದರು, ಎರಡನೆಯದಕ್ಕೆ ಅತ್ತರು. ಕೊನೆಗೆ ನನ್ನನ್ನು ಕರೆದು ಹೊಗೆಮನೆಯ ಕೀಲಿಕೈ ಚಾಚಿದರು, ಆದರೆ ಬೆರಳು ಸಡಿಲಿಸಲಿಲ್ಲ.

"ತಗೋ. ಆದ್ರೆ ನಾನು ನೋಡ್ತಾ ಇರ್ತೀನಿ."

"ಮಂಚದಿಂದ ಹೆಂಗೆ ನೋಡ್ತೀರ ಮಾವ?"

"ಕ್ಯಾಮೆರಾ ಹಾಕು."

"ಯಾರು ಹಾಕೋದು?"

"ನೀನೇ. ಇಂಟರ್ನೆಟ್ಟಲ್ಲಿ ತಾನೇ ನನ್ನ ಮಗಳಿಗೆ ಗಾಳ ಹಾಕಿದ್ದು? ಆ ವಿದ್ಯೆ ಇದಕ್ಕೂ ಬರ್ಲಿ."

ಹೀಗೆ ನನ್ನ ಮೇಲೆ ಕಣ್ಣಿಡುವ ಕ್ಯಾಮೆರಾವನ್ನು ನಾನೇ ಪೇಟೆಗೆ ಹೋಗಿ ಆರಿಸಿ ತಂದೆ. ಒಂದು ತೊಡಕಿತ್ತು. ಹೊಗೆಮನೆ ಇರುವುದು ತೋಟದ ಮೇಲಿನ ತುದಿಯಲ್ಲಿ, ನೆಟ್‌ವರ್ಕ್ ಕೇಬಲ್ಲಿನ ದಮ್ಮು ಇರುವುದು ನೂರು ಮೀಟರ್‌ವರೆಗೆ. ಅದಕ್ಕೆ ಅಂಗಡಿಯವನು ಒಂದು ಎಕ್ಸ್‌ಟೆಂಡರ್ ಕೊಟ್ಟ. ಸೋಪಿನ ಡಬ್ಬಿಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ದಾರಿಯ ನಡುವೆ ಕೂತು, ಮನೆಯಿಂದ ಬಂದ ಸಂಕೇತವನ್ನು ಸುಧಾರಿಸಿ ಮುಂದಕ್ಕೆ ಕಳಿಸುತ್ತದೆ. ಅದಕ್ಕೆ ಬೇಕಾದ ಕರೆಂಟೂ ಅದೇ ಕೇಬಲ್ಲಿನಲ್ಲೇ ಬರುತ್ತದೆ. ಒಳಗೇ ಒಂದು ಪುಟ್ಟ ಸ್ವಿಚ್ ಇರುವುದರಿಂದ ಆಚೆ ಕಡೆ ಎರಡು ಕೇಬಲ್ ಸಿಕ್ಕಿಸಬಹುದು.

"ಎರಡು ತೂತು ಇಟ್ಕೊಂಡು ಒಂದನ್ನ ಖಾಲಿ ಬಿಡ್ತೀಯಾ?" ಎಂದರು ಮಾವ. "ಪುಕ್ಕಟೆ ಕೊಟ್ಟಿದಾರಾ?"

ಆ ತೂತಿನ ಮರ್ಯಾದೆ ಕಾಪಾಡಲು ಇನ್ನೊಂದು ಕ್ಯಾಮೆರಾ ಬಂತು. ಅದನ್ನು ಭಟ್ಟಿ ಕೊಟ್ಟಿಗೆಗೆ ಹಾಕುವುದೆಂದಾಯಿತು. ಅಲ್ಲಿ ನನ್ನ ಹೆಂಡತಿ ರುಮೆನಾ ಪ್ಲಮ್ ಹಣ್ಣಿನ ರಾಕಿಯಾ ಇಳಿಸುತ್ತಿದ್ದಳು. ಮಾವನಿಗೆ ಕುಡಿಯಲು ಸಿಗದಿದ್ದರೂ ತೊಟ್ಟಿಕ್ಕುವುದನ್ನು ನೋಡಲಾದರೂ ಸಿಗಲಿ ಎಂದು ನಾವೆಲ್ಲ ಒಪ್ಪಿದೆವು.

ಅಳತೆ ಹಾಕಿದರೆ ದಾರಿಯ ನಡುವೆ ಸೂರಿರುವ ಜಾಗ ಒಂದೇ, ಕೋಳಿಗೂಡು. ನಾನು ಒಳಗೆ ತೂರಿ, ತೊಲೆಯ ಮೇಲೆ ಪೆಟ್ಟಿಗೆ ಕೂರಿಸಿದೆ. ಕೋಳಿಗಳು ನನ್ನ ಮೇಲೆ ಒಂದಿಷ್ಟು ಅಭಿಪ್ರಾಯ ಉದುರಿಸಿದವು. ಬಾಗಿಲಲ್ಲಿ ಅತ್ತೆ ಕೋಸಾನಾ ನಿಂತು ಪೆಟ್ಟಿಗೆಯನ್ನೇ ದಿಟ್ಟಿಸುತ್ತಿದ್ದರು.

"ಟೋಶಾ, ಮಗಾ, ಅದಕ್ಕೆ ಮೈತುಂಬ ತೂತು ಇದೆಯಲ್ಲೋ."

"ಬಿಸಿ ಹೊರಗೆ ಹೋಗ್ಬೇಕಲ್ಲ ಅತ್ತೆ, ಅದಕ್ಕೆ."

"ಈ ಕಡೆ ಬಾಗಿಲು, ಆ ಕಡೆ ಕಿಂಡಿ. ಅಡ್ಡಗಾಳಿ ಹೊಡೆಯುತ್ತೆ."

"ಅದು ಕಬ್ಬಿಣ ಅತ್ತೆ."

"ನಿಮ್ಮ ಮಾವನೂ ತಾನು ಕಬ್ಬಿಣ ಅಂತಿದ್ರು," ಎಂದು ಅತ್ತೆ ಹೊರಟುಹೋದರು.

ಅಡ್ಡಗಾಳಿಯ ವಿಷಯದಲ್ಲಿ ನಮ್ಮ ಇಡೀ ದೇಶ ಒಂದೇ ಪಕ್ಷ. ಎದುರುಬದುರು ಎರಡು ಕಿಟಕಿ ತೆರೆದಿದ್ದರೆ ಸೊಂಟ ಹಿಡಿಯುತ್ತದೆ, ಹಲ್ಲು ನೋಯುತ್ತದೆ, ಮದುವೆಗಳು ಮುರಿಯುತ್ತವೆ. ಮಾವ ಮರದಿಂದ ಬಿದ್ದದ್ದಕ್ಕೂ ಅತ್ತೆಯ ಲೆಕ್ಕದಲ್ಲಿ ಕೊಂಬೆಯ ತಪ್ಪಿಲ್ಲ, ಹಿಂದಿನ ದಿನ ಬಸ್ಸಿನಲ್ಲಿ ಯಾರೋ ಕಿಟಕಿ ತೆಗೆದಿದ್ದರಂತೆ. ನಾನು ಮನೆಯ ಕಿಟಕಿಯಲ್ಲಿ ಕೇಬಲ್ ಎಳೆದ ಸಂದಿಗೂ ಅವರು ಆಗಲೇ ಒಂದು ದಿಂಬು ತುರುಕಿ ಆಗಿತ್ತು.

ಕೆಲಸ ಸಲೀಸಾಗಿ ನಡೆಯಿತು. ಪೆಟ್ಟಿಗೆಯ ಪಕ್ಕದ ಪುಟ್ಟ ಗುಂಡಿಯನ್ನು 'ದೂರ' ಎಂದು ಬರೆದ ಕಡೆಗೆ ಸರಿಸಿದೆ, ಹಸಿರು ದೀಪ ಹತ್ತಿತು. ಹೊಗೆಮನೆಯ ಕ್ಯಾಮೆರಾ ಸಿಕ್ಕಿಸಿದೆ, ಮಾವನ ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಬಂತು. ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ಮಾವ ಫೋನ್ ಮಾಡಿ "ಮುಖ ಪಕ್ಕಕ್ಕೆ ತಗೊಳ್ಳೋ, ಬೆಂಕಿ ಕಾಣ್ತಿಲ್ಲ" ಎಂದರು.

ಎರಡನೆಯದು ಸಿಕ್ಕಿಸುವ ಮುಂಚೆ ಒಂದು ಕೆಲಸ ಬಾಕಿ ಇತ್ತು. ಈ ಕ್ಯಾಮೆರಾಗಳೆಲ್ಲ ಕಾರ್ಖಾನೆಯಿಂದ ಬರುವಾಗ ಒಂದೇ ವಿಳಾಸ ಹೊತ್ತು ಬರುತ್ತವೆ. ಒಂದೇ ಬೀದಿಯ ಎರಡು ಮನೆಗೆ ಒಂದೇ ನಂಬರ್ ಇದ್ದರೆ ಅಂಚೆಯವನು ಕೈಗೆ ಸಿಕ್ಕ ಬಾಗಿಲು ತಟ್ಟುತ್ತಾನಲ್ಲ, ಇಲ್ಲೂ ಹಾಗೇ ಆಗುತ್ತದೆ. ಒಂದರ ನಂಬರನ್ನು ಬದಲಾಯಿಸಬೇಕು. ಇದು ನನಗೆ ಗೊತ್ತಿತ್ತು. ಆದರೆ ಒಂದು ಕಡೆಯಿಂದ ಅತ್ತೆ "ಸೂಪು ಆರ್ತಿದೆ" ಎಂದು ಕೂಗಿದರು, ಇನ್ನೊಂದು ಕಡೆಯಿಂದ ಮಾವ ಫೋನಿನಲ್ಲಿ "ಸಿಕ್ಕಿಸೋ, ಏನು ಮುಹೂರ್ತ ನೋಡ್ತಿದೀಯಾ?" ಎಂದರು. ಸಿಕ್ಕಿಸಿದೆ. ಹೊಗೆಮನೆಯ ಚಿತ್ರ ಹಾಗೇ ಇತ್ತು, ಭಟ್ಟಿಯದು ಬರಲಿಲ್ಲ. ಊಟ ಮಾಡಿ ನೋಡೋಣ ಎಂದುಕೊಂಡೆ. ಸೂಪಿನ ಹಿಂದೆ ಎಲೆಕೋಸಿನ ಸುರುಳಿ ಬಂತು, ಅದರ ಹಿಂದೆ ಕಡುಬು ಬಂತು, ನಾನು ಎದ್ದು ಬೆಂಚಿನ ಮೇಲೆ ಮಲಗಿದೆ.

ಮರುದಿನ ಬೆಳಿಗ್ಗೆ ಹೊಗೆಮನೆಯಲ್ಲಿ ಒಬ್ಬನೇ ಕೂತಿದ್ದೆ. ಕೆಂಡ ಬೂದಿ ಹೊದ್ದು ಮಲಗಿತ್ತು, ತೆಳ್ಳನೆಯ ಹೊಗೆ ತೊಡೆಗಳ ನಡುವೆ ಸುತ್ತುತ್ತಿತ್ತು. ಇಷ್ಟು ಚೆಂದದ ಬೆಂಕಿಯನ್ನು ನಾನೇ ಸಾಕುತ್ತಿದ್ದೇನಲ್ಲ ಎಂದು ಕಣ್ಣು ತುಂಬಿ ಬಂತು. ಹೊಗೆಯೂ ಸ್ವಲ್ಪ ಕಾರಣವಿರಬಹುದು. ಆಗ ಫೋನ್ ಹೊಡೆದುಕೊಂಡಿತು.

"ಉರಿ! ಉರಿ ಎದ್ದಿದೆ ಕಣೋ ಮುಠ್ಠಾಳ!" ಮಾವನ ದನಿ.

"ಎಲ್ಲಿ ಮಾವ?"

"ನನ್ನ ಕಣ್ಮುಂದೆ! ಮೊಣಕಾಲೆತ್ತರ ಉರೀತಿದೆ! ನೀರು ಹುಯ್ಯಿ!"

"ಇಲ್ಲಿ ಕಿಡಿಯೂ ಇಲ್ಲ ಮಾವ. ಹದವಾಗಿದೆ."

"ಟ್ಯಾಬ್ಲೆಟ್ಟು ಸುಳ್ಳು ಹೇಳುತ್ತಾ? ಅದಕ್ಕೇನು ನಿನ್ನ ಥರ ಮಾವನ ಮನೆ ಊಟ ಬೇಕಾ? ತಡಿ, ತಡಿ... ಯಾರೋ ಹೆಂಗಸು!"

"ಯಾವ ಹೆಂಗಸು?"

"ಬೆನ್ನು ಕಾಣ್ತಿದೆ! ತಲೆಗೆ ಬಟ್ಟೆ ಕಟ್ಟಿದಾಳೆ! ಸೌದೆ ಹಾಕ್ತಿದಾಳೆ! ಲೋ, ನನ್ನ ಹೊಗೆಮನೆಗೆ ಹೆಂಗಸನ್ನ ಕರ್ಕೊಂಡು ಬಂದಿದೀಯಾ? ನನ್ನ ಮಗಳು ಬದುಕಿರುವಾಗಲೇ?"

ನಾನು ಸುತ್ತ ನೋಡಿದೆ. ಹಂದಿತೊಡೆಗಳ ಹೊರತು ಯಾವ ತೊಡೆಯೂ ಇರಲಿಲ್ಲ.

"ನೀರು ಹುಯ್ಯಿ ಅಂದ್ನಲ್ಲ! ಇಲ್ದಿದ್ರೆ ಕೀಲಿಕೈ ಇಟ್ಟು ಬಯಲಿಗೆ ನಡಿ!"

ಬಕೆಟ್ ಪಕ್ಕದಲ್ಲೇ ಇತ್ತು. ಹುಯ್ದಿದ್ದರೆ ಬೆಂಕಿ ಸತ್ತು, ಒದ್ದೆ ಹೊಗೆ ಕಟ್ಟಿ, ಮಾಂಸಕ್ಕೆಲ್ಲ ಮುಗ್ಗಲು ಹಿಡಿಯುತ್ತಿತ್ತು. ಹುಯ್ಯದಿದ್ದರೆ ಬೆಂಕಿ ಉಳಿಯುತ್ತಿತ್ತು, ನಾನು ಹೋಗುತ್ತಿದ್ದೆ. ಈ ಮನೆಯಲ್ಲಿ ನಾನು ಮಾವನ ಮಾತಿಗೆ ಇಲ್ಲ ಎಂದಿದ್ದೇ ಇಲ್ಲ, ಉಪ್ಪು ಸರಿಯಿದೆಯೇ ಎಂದು ಕೇಳಿದಾಗಲೂ. ಬಕೆಟನ್ನು ಕಾಲಿನಿಂದ ಆಚೆ ಸರಿಸಿದೆ.

"ಹುಯ್ಯಲ್ಲ ಮಾವ," ಎಂದೆ. "ಬೆಂಕಿ ನನ್ನ ಮುಂದಿದೆ. ನಿಮ್ಮ ಮುಂದೆ ಇರೋದು ಗಾಜು."

ಆಚೆ ಕಡೆ ಏನೋ ದಡಬಡ ಬಿದ್ದ ಸದ್ದು. ಸ್ವಲ್ಪ ಹೊತ್ತಿಗೆ ತೋಟದ ಏರಿನಲ್ಲಿ ಮೆರವಣಿಗೆ ಕಂಡಿತು. ಮುಂದೆ ರಾತ್ರಿ ಅಂಗಿಯ ಮೇಲೆ ಕುರಿತುಪ್ಪಳದ ಕೋಟು ಹಾಕಿಕೊಂಡು ಊರುಗೋಲು ಬೀಸುತ್ತ ಮಾವ. ಹಿಂದೆ ಒಂದು ಕೈಯಲ್ಲಿ ಟ್ಯಾಬ್ಲೆಟ್, ಇನ್ನೊಂದು ಕೈಯಲ್ಲಿ ಶಾಲು ಹಿಡಿದು, "ಸೊಂಟಕ್ಕೆ ಗಾಳಿ ಬಡಿಯುತ್ತೆ, ಸುತ್ಕೊಳ್ರೀ!" ಎಂದು ಕಿರುಚುವ ಅತ್ತೆ. ಮಾವ ಊರುಗೋಲಿನಿಂದಲೇ ಬಾಗಿಲು ತಳ್ಳಿದರು. ಮೊದಲು ಹೆಂಗಸನ್ನು ಹುಡುಕಿದರು, ಸೌದೆ ರಾಶಿಯ ಹಿಂದೆಯೂ. ಆಮೇಲೆ ಬೆಂಕಿ ನೋಡಿದರು. ಬಗ್ಗಲಾಗದೆ ಮೂಗನ್ನಷ್ಟೇ ಮುಂದೆ ಚಾಚಿ ಹೊಗೆ ಮೂಸಿದರು. ಒಂದು ತೊಡೆಯನ್ನು ಹೆಬ್ಬೆರಳಿನಿಂದ ಒತ್ತಿದರು, ಇನ್ನೊಂದನ್ನು ಒತ್ತಿದರು.

"ಹಂಗಾದ್ರೆ ಇದು ಯಾರ ಮನೆ ಬೆಂಕಿ?" ಎಂದು ಟ್ಯಾಬ್ಲೆಟ್ ಕಸಿದುಕೊಂಡರು.

ಪರದೆಯಲ್ಲಿ ಉರಿ ಧಗಧಗಿಸುತ್ತಿತ್ತು. ಹೆಂಗಸು ಈ ಕಡೆ ತಿರುಗಿ, ಕ್ಯಾಮೆರಾ ಇರುವುದನ್ನೇ ಮರೆತು, ಕೊಳವೆಯಿಂದ ತೊಟ್ಟಿಕ್ಕುವುದಕ್ಕೆ ಬೆರಳೊಡ್ಡಿ ನೆಕ್ಕಿದಳು.

"ನಮ್ಮ ರುಮೆನಾ!" ಎಂದರು ಅತ್ತೆ.

ಒಂದೇ ನಂಬರಿನ ಎರಡು ಮನೆ. ನಿನ್ನೆ ಹೊಗೆಮನೆ ಓಗೊಟ್ಟಿತ್ತು, ಇಂದು ಭಟ್ಟಿ ಓಗೊಟ್ಟಿದೆ. ತಪ್ಪು ನನ್ನದೇ. ಆದರೆ ತನ್ನಷ್ಟಕ್ಕೆ ಯಾಕೆ ಬದಲಾಯಿತು? ಪೆಟ್ಟಿಗೆ ಆರಿ ಮತ್ತೆ ಹತ್ತಿರಬೇಕು ಎಂದು ಕೋಳಿಗೂಡಿಗೆ ಓಡಿದೆ. ತೊಲೆಯ ಮೇಲೆ ನನ್ನ ಪೆಟ್ಟಿಗೆ ಇರಲಿಲ್ಲ. ಅಲ್ಲಿ ಉಣ್ಣೆಯ ಒಂದು ಗಂಟು ಇತ್ತು. ಬಿಚ್ಚಿದರೆ ಮಾವನ ಒಳಅಂಗಿ, ಅದರ ಒಳಗೆ ಒಂದು ಕಾಲುಚೀಲ, ಅದರೊಳಗೆ ಬಿಸಿ ತಡೆಯಲಾರದೆ ಕಣ್ಣು ಮಿಟುಕಿಸುತ್ತಿದ್ದ ಎಕ್ಸ್‌ಟೆಂಡರ್. ಮುಟ್ಟಿದ ಕೈ ಸುಟ್ಟಿತು. ಕೋಳಿಗಳೆಲ್ಲ ಅದಕ್ಕೆ ಒತ್ತಿಕೊಂಡು ಸುಖವಾಗಿ ಕೂತಿದ್ದವು.

"ಅತ್ತೆ!"

"ಅಡ್ಡಗಾಳಿ ಅಂತ ನಿನ್ನೇನೇ ಹೇಳ್ದೆ ತಾನೇ? ರಾತ್ರಿಯೆಲ್ಲ ಬರಿಮೈಲಿ ಇರುತ್ತೆ ಅಂತ ನಂಗೇ ನಿದ್ದೆ ಬರ್ಲಿಲ್ಲ," ಎಂದರು ಟ್ಯಾಬ್ಲೆಟ್ ಹಿಡಿದು ನನ್ನ ಹಿಂದೆಯೇ ಬಂದಿದ್ದ ಅತ್ತೆ. "ನೋಡು, ಮೈ ಎಷ್ಟು ಸುಡ್ತಿದೆ. ನಾನು ಹೊದಿಸೋ ಮೊದಲೇ ಶೀತ ಆಗಿತ್ತು ಅಂತ ಕಾಣುತ್ತೆ."

ಭಟ್ಟಿಯ ಕೇಬಲ್ ಕಿತ್ತೆ, ಹೊಗೆಮನೆಯ ಕ್ಯಾಮೆರಾಗೆ ಹೊಸ ನಂಬರ್ ಕೊಟ್ಟು ಉಳಿಸಿದೆ, ಮತ್ತೆ ಭಟ್ಟಿಯದನ್ನು ಸಿಕ್ಕಿಸಿದೆ. ಎರಡೂ ಚಿತ್ರ ಅಕ್ಕಪಕ್ಕ ಬಂದವು, ಬೇರೆಬೇರೆಯಾಗಿ. ಒಲೆಯ ಮೇಲೆ ಬೀನ್ಸ್ ಬೇಯಲು ಇಟ್ಟು ಬಂದಿದ್ದ ಅತ್ತೆ ಟ್ಯಾಬ್ಲೆಟ್ ಕಂಕುಳಲ್ಲಿ ಇರುಕಿಕೊಂಡು ಮನೆಗೆ ಇಳಿದರು.

ನಾನು ಹೊಗೆಮನೆಗೆ ಮರಳಿದಾಗ ಮಾವ ನನ್ನ ಮೋಟು ಸ್ಟೂಲಿನ ಮೇಲೆ ಕೂತಿದ್ದರು. ನೋವಿನಿಂದ ಮುಖ ಬಿಳಿಚಿಕೊಂಡಿತ್ತು.

"ನೀರು ಯಾಕೆ ಹುಯ್ಯಲಿಲ್ಲ?" ಎಂದರು.

"ಹಾಳಾಗ್ತಿತ್ತು ಮಾವ."

"ನಾನು ಹೇಳಿದ್ರೂ?"

"ನೀವು ಹೇಳಿದ್ರೂ."

ಮಾವ ಕೆಮ್ಮಿದರು. ಕೀಲಿಕೈ ಕೇಳುತ್ತಾರೆಂದು ಜೇಬಿಗೆ ಕೈ ಹಾಕಿದೆ. ಅವರು ನನ್ನ ಚಳಿಯ ಕೋಟಿನ ಉಬ್ಬನ್ನು ನೋಡುತ್ತ, "ಆ ಸೀಸೆ ಹೊರಗೆ ತೆಗಿ, ನಾನೇನು ಕುರುಡನಾ?" ಎಂದರು. ಪಾಪ, ಅಷ್ಟು ದೂರ ಏರು ಹತ್ತಿ ಬಂದಿದ್ದರು. ಪುಟ್ಟ ಲೋಟಕ್ಕೆ ರಾಕಿಯಾ ಬಗ್ಗಿಸಿ ಕೊಟ್ಟೆ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಅವರ ಕೋಟಿನೊಳಗಿಂದ ಫೋನ್ ಬಡಿದುಕೊಂಡಿತು. ಅತ್ತೆಯ ದನಿಗೆ ಫೋನೇ ಬೇಕಿರಲಿಲ್ಲ.

"ಒಬ್ರೆನ್! ನಿಮ್ಮ ಕೈಲಿರೋದೇನು?"

ಮಾವ ತಲೆಯೆತ್ತಿ ಕ್ಯಾಮೆರಾ ನೋಡಿದರು. ಚಿತ್ರ ಬಹಳ ಸ್ಪಷ್ಟವಾಗಿ ಹೋಗುತ್ತಿತ್ತು. ಆ ಕ್ಷಣ ನನ್ನ ಕೆಲಸದ ಅಚ್ಚುಕಟ್ಟಿಗೆ ನಾನೇ ಮರುಗಿದೆ.

"ಡಾಕ್ಟರು ಏನು ಹೇಳಿದ್ರು?"

"ಬೇಡ ಅಂದ್ರು."

"ಮತ್ತೆ?"

ಮಾವ ಬೆಂಕಿ ನೋಡಿದರು, ತೊಲೆ ನೋಡಿದರು, ನನ್ನನ್ನು ನೋಡಿದರು. ಕಿವಿ ಕೆರೆದುಕೊಂಡರು.

"ಏನ್ ಮಾಡ್ಲಿ ಕೋಸಾನಾ? ಯಜಮಾನ ತಾನಾಗಿ ಕೈಯಾರೆ ಬಗ್ಗಿಸಿ ಕೊಟ್ಟ. ಬೇಡ ಅಂದ್ರೆ ಅವಮಾನ ಅಲ್ವಾ?"

"ಯಾವ ಯಜಮಾನ ರೀ? ಆ ಮನೆ ಯಜಮಾನ ನೀವಲ್ವಾ?"

"ನಾನು ಬರೀ ನೋಡ್ಕೊಂಡು ಹೋಗೋಕೆ ಬಂದವನು ಕಣೇ," ಎಂದು ಮಾವ ಫೋನ್ ಮಡಚಿ ಕೋಟಿನೊಳಗೆ ತುರುಕಿದರು. ಆಮೇಲೆ ಕ್ಯಾಮೆರಾಗೆ ಬೆನ್ನು ತಿರುಗಿಸಿ ಕೂತು, ಖಾಲಿ ಲೋಟವನ್ನು ನನ್ನತ್ತ ಚಾಚಿದರು.

"ಇನ್ನೊಂಚೂರು ಹಾಕಿ, ಯಜಮಾನ್ರೇ."